ಆ ಕಂದು ಬಣ್ಣ ನೀರಿನ ಕೊಳೆಯಲ್ಲ

‘ನಲ್ಲಿ ನೀರಿಗೆ ಕರೆಂಟ್ ಬಿಟ್ಟರೆ ಕಂದಾಗುತ್ತದೆ, ಅಷ್ಟೂ ಕೊಳೆ, ಆರ್‌ಒ (ಲವಣ ಸೋಸಿ ತೆಗೆಯುವ ಫಿಲ್ಟರ್) ನೀರು ಮಾತ್ರ ತಿಳಿಯಾಗಿರುತ್ತದೆ’ ಎನ್ನುವ ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಆ ಬಣ್ಣ ಬರುವುದು ನೀರಿಗೆ ಕರೆಂಟ್ ಬಿಡುವ ಉಪಕರಣದ ಕಬ್ಬಿಣದ ಸರಳು ಕರಗಿ. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅಷ್ಟೇ. ಅದಕ್ಕೂ ಚಿಟಿಕೆ ಉಪ್ಪು ಹಾಕಿ ತೋರಿಸಲು ಮಾರುವವರಿಗೇ ಹೇಳಿ. ಅದೂ ಕಂದಾಗುತ್ತದೆ!

ಸುಮ್ನೆ ಹೆದರಿ ಆರ್‌ಒ ಹಾಕಿಸಬೇಡಿ. ಅದು ನೀರನ್ನೂ ಜಾಸ್ತಿ ಚೆಲ್ಲುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಲೀಟರ್‌ಗೆ 500 ಮಿಲಿಗ್ರಾಂವರೆಗೆ ಇರಬಹುದು. ಬೆಂಗಳೂರಿನ ಕಾವೇರಿ ನೀರಿಗೆ ಸಾಮಾನ್ಯವಾಗಿ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಸಾಕು. ಕೋಲಾರ, ಪಾವಗಡದ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರಿನ ಮಾತೇ ಬೇರೆ, ಅಲ್ಲಿ ಆರ್‌ಒ ಬೇಕಾಗಬಹುದು. ಟಿಡಿಎಸ್ ಮೀಟರ್ ಫ್ಲೋರೈಡ್ ಎಷ್ಟಿದೆ ಎಂದು ಹೇಳುವುದಿಲ್ಲ, ರೋಗಾಣುಗಳನ್ನೂ ತೋರಿಸುವುದಿಲ್ಲ. ಮೊದಲು ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಿ.