ಟ್ರಂಕಿನ ಬೀಗವೇ ನಮ್ಮ ಖಾಸಗಿ ಜಾಗ

ವಸತಿ ಶಾಲೆ ಎಂದರೆ ಇಬ್ಬರಿಗೊಂದು ರೂಮು, ಓದೋ ಮೇಜು ಅಂತ ಬರೆದಿದ್ದೀರಿ ಸಾರ್. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದಲ್ಲಿ ಓದಿದ ನಮಗೆ ಡಾರ್ಮಿಟರಿ ಅಂದರೆ ಉದ್ದನೆ ಹಜಾರ, ಸಾಲಾಗಿ ಕಬ್ಬಿಣದ ಮಂಚ, ಅದರಡಿ ಬೀಗ ಹಾಕಿದ ಟ್ರಂಕು, ಬಕೆಟ್ಟು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ಹೌಸುಗಳು, ಅಂದರೆ ಮಕ್ಕಳ ತಂಡಗಳು. ಆರನೇ ಕ್ಲಾಸಿನ ಮೊದಲ ವಾರ ಲೈಟು ಆರಿದ ಮೇಲೆ ಒಬ್ಬ ಅತ್ತರೆ ಸಾಲಿಗೆ ಸಾಲೇ ಅಳುತ್ತಿತ್ತು. ಆಗ ಬಂದು ಹೊದಿಕೆ ಸರಿಮಾಡುತ್ತಿದ್ದವರು ಹತ್ತನೇ ಕ್ಲಾಸಿನ ಅಣ್ಣಂದಿರು. ಒಂಬತ್ತನೇ ಕ್ಲಾಸಿನಲ್ಲಿ ವಲಸೆ ಯೋಜನೆಯಡಿ, ಅಂದರೆ ಹಿಂದಿ ಮತ್ತು ಹಿಂದಿಯೇತರ ರಾಜ್ಯಗಳ ನವೋದಯಗಳ ನಡುವೆ ಮಕ್ಕಳನ್ನು ಅದಲುಬದಲು ಮಾಡೋ ಯೋಜನೆಯಡಿ, ಉತ್ತರದ ಹುಡುಗರು ಬಂದರು. ಪಕ್ಕದ ಮಂಚದವನಿಗೆ ನಾನು ಕನ್ನಡ ಕಲಿಸಿದೆ, ಅವನಿಂದ ಹಿಂದಿ ಕಲಿತೆ. ಇಬ್ಬರ ರೂಮಿನಲ್ಲಿ ಇದೆಲ್ಲ ಸಿಗುತ್ತಿರಲಿಲ್ಲ. ಆದರೂ ಪ್ರತಿ ಮಗುವಿಗೂ ಬೀಗವಿರೋ ಒಂದು ಕಪಾಟು ಬೇಕೇ ಬೇಕು. ಅಮ್ಮನ ಪತ್ರಗಳನ್ನು ನಾನು ಟ್ರಂಕಿನ ತಳದಲ್ಲಿ, ಬಟ್ಟೆಯ ಕೆಳಗೆ ಇಡುತ್ತಿದ್ದೆ.