ಒಂದು ತಾರೀಖು ಹೇಳಿ

ಇವತ್ತು, 2025ರ ಆಗಸ್ಟ್ 10ರ ಬೆಳಿಗ್ಗೆ ಆರೂವರೆಗೆ, ಪ್ರತಿ ಭಾನುವಾರದ ಹಾಗೆ, ರೈಲ್ವೆ ಕಾಲೊನಿ ಪಕ್ಕದ ಫುಟ್‌ಬಾಲ್ ಬಯಲಿಗೆ ಹೋಗಿದ್ದೆ. ರಾತ್ರಿಯಿಡೀ ಜಿಟಿಜಿಟಿ ಮಳೆ. ನಮ್ಮ ಹುಬ್ಬಳ್ಳಿಯ ಎರೆ ಮಣ್ಣು ಗೊತ್ತಲ್ಲ, ಬೂಟಿಗೆ ಒಮ್ಮೆ ಹತ್ತಿದರೆ ಬಿಡುವುದೇ ಇಲ್ಲ. ಹತ್ತು ಹೆಜ್ಜೆ ಓಡುವುದರೊಳಗೆ ಕಾಲು ಎತ್ತಲು ಆಗುವುದಿಲ್ಲ. ಹಾಗಿದ್ದರೂ ಹನ್ನೊಂದು ಹುಡುಗರು ಬಂದಿದ್ದರು. ಅದರಲ್ಲೊಬ್ಬ ಕಲ್ಲಿನ ಮೇಲೆ ಕೂತು ಹೆಂಚಿನ ಚೂರಿನಿಂದ ಬೂಟಿನ ಕೆಸರು ಕೆರೆಯುತ್ತಿದ್ದ. ಮೈಮೇಲೆ ನೀಲಿ ಜೆರ್ಸಿ, ಬೆನ್ನಿಗೆ 11. ಎರಡನೇ ಒಂದು ಯಾವಾಗಲೋ ಕಿತ್ತುಹೋಗಿದೆ. ಆ ಜಾಗಕ್ಕೆ ಅವರಮ್ಮ ಬಿಳಿ ರಿಬ್ಬನ್ ಹೊಲಿದು ಕೊಟ್ಟಿದ್ದಾರೆ.

ಕೆರೆಯುತ್ತಲೇ ಕೇಳಿದ: "ಅಂಕಲ್, ದಸರಾ ಸೂಟ್ಯಾಗ ಬೆಂಗಳೂರಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ರಲ್ರೀ. ಮ್ಯಾಚ್ ಯಾವಾಗ ಐತಿ ಅಂತ ಗೊತ್ತಾತೇನ್ರೀ?"

"ಗೊತ್ತಾದ ಕೂಡಲೇ ಹೇಳ್ತೀನಪ್ಪ" ಅಂದೆ. ಮೂರು ಭಾನುವಾರದಿಂದ ಇದೇ ಉತ್ತರ ಕೊಡುತ್ತಿದ್ದೇನೆ. ಹುಡುಗ ಮತ್ತೆ ಕೇಳಲಿಲ್ಲ, ಕೆಸರು ಕೆರೆಯುತ್ತಾ ಕೂತ. ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿದೆ. ಅದಕ್ಕೇ ಅಂಗಡಿ ತೆಗೆಯುವುದನ್ನು ತಡ ಮಾಡಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬೆಂಗಳೂರು ಎಫ್‌ಸಿ ಹುಚ್ಚು ನಿಮಗೆಲ್ಲ ಗೊತ್ತು. ಹುಬ್ಬಳ್ಳಿಯವನಿಗೆ ಬೆಂಗಳೂರಿನ ತಂಡ ಯಾಕೆ ಅಂತ ಕೇಳುವವರಿಗೂ ಎಷ್ಟೋ ಸಲ ಹೇಳಿದ್ದೇನೆ. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ನಲ್ಲಿ ಇಡೀ ಕರ್ನಾಟಕಕ್ಕೆ ಇರುವುದು ಅದೊಂದೇ ತಂಡ. ಅದು ನಮ್ಮದಲ್ಲದಿದ್ದರೆ ಮತ್ಯಾವುದು ನಮ್ಮದು?

ಈ ಹೊತ್ತಿಗೆ ಪ್ರೀ-ಸೀಸನ್ ಜೋರಾಗಿ ನಡೆಯಬೇಕಿತ್ತು. ಯಾರು ಬಂದರು, ಯಾರು ಹೋದರು, ಹೊಸ ಡಿಫೆಂಡರ್ ಹೇಗಿದ್ದಾನೆ ಅಂತ ನಾವು ಜಗಳ ಆಡಬೇಕಿತ್ತು. ಅದರ ಬದಲು ಏನಾಯಿತು? ಜುಲೈ 11ಕ್ಕೆ ಲೀಗ್ ತಡೆಹಿಡಿದಿದ್ದೇವೆ ಅಂತ ಅದನ್ನು ನಡೆಸುವವರು ಹೇಳಿದರು. ಈ ಸಲ ಡ್ಯುರಾಂಡ್ ಕಪ್ ಟೂರ್ನಿಗೂ ನಮ್ಮವರು ಹೋಗಿಲ್ಲ. ಆಗಸ್ಟ್ 3ಕ್ಕೆ ನಮ್ಮ ತಂಡದ ಸುನಿಲ್ ಚೆಟ್ರಿಗೆ 41 ವರ್ಷ ತುಂಬಿತು. ನಾವೆಲ್ಲ ಫೋಟೊ ಹಾಕಿ ಖುಷಿಪಟ್ಟೆವು. ಮರುದಿನವೇ ಕ್ಲಬ್‌ನ ಪ್ರಕಟಣೆ ಬಂತು. ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ಸ್ಥಗಿತ. ಅದನ್ನು ಓದಿದಾಗ ಗಿರಾಕಿ ಎದುರಿಗಿದ್ದರು. ಅವರು ಕೇಳಿದ್ದೇನು, ನಾನು ಕೊಟ್ಟಿದ್ದೇನು, ಒಂದೂ ನೆನಪಿಲ್ಲ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ಭಾರತದ ಫುಟ್‌ಬಾಲ್ ಫೆಡರೇಶನ್ 2010ರಲ್ಲಿ ತನ್ನ ಕಮರ್ಷಿಯಲ್ ಹಕ್ಕುಗಳನ್ನು 15 ವರ್ಷಕ್ಕೆ ಕಂಪನಿಯವರಿಗೆ ಬರೆದುಕೊಟ್ಟಿತು. ಐಎಸ್‌ಎಲ್ ನಡೆಯುತ್ತಿರುವುದು ಅದೇ ಒಪ್ಪಂದದ ಮೇಲೆ. ಅದು ಮುಗಿಯುವುದು ಈ ವರ್ಷದ ಡಿಸೆಂಬರ್ 8ಕ್ಕೆ. ಲೀಗ್ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ನಡೆಯಬೇಕು. ಅಂದರೆ ನಡುವೆಯೇ ಒಪ್ಪಂದ ಮುಗಿದುಹೋಗುತ್ತದೆ. ಡಿಸೆಂಬರ್ ಆದಮೇಲೆ ಏನು ಅಂತ ಗೊತ್ತಾಗದೆ ಶುರು ಮಾಡುವುದು ಹೇಗೆ ಅಂತ ಲೀಗ್ ನಡೆಸುವವರು ಕೇಳುತ್ತಾರೆ. ನಮ್ಮ ಫೆಡರೇಶನ್‌ನ ನಿಯಮಾವಳಿಯ ಕೇಸು ಸುಪ್ರೀಂ ಕೋರ್ಟಿನಲ್ಲಿದೆ, ತೀರ್ಪು ಬರುವ ತನಕ ಹೊಸ ಒಪ್ಪಂದ ಮಾಡುವ ಹಾಗಿಲ್ಲ ಅಂತ ಫೆಡರೇಶನ್ ಹೇಳುತ್ತದೆ. ಅವರು ಇವರ ಕಡೆ, ಇವರು ಅವರ ಕಡೆ ನೋಡುತ್ತಾ ಕೂತಿದ್ದಾರೆ.

ನನ್ನ ಸಿಟ್ಟು ಏನು ಅಂದರೆ, ಈ ಡಿಸೆಂಬರ್ 8 ಇದ್ದಕ್ಕಿದ್ದಂತೆ ಬಂದಿದ್ದಲ್ಲ. 15 ವರ್ಷದಿಂದ ಕಾಗದದ ಮೇಲೆ ಬರೆದಿಟ್ಟ ತಾರೀಖು. ನನ್ನ ಅಂಗಡಿಯ ಬಾಡಿಗೆ ಕರಾರು 11 ತಿಂಗಳದ್ದು. ಒಂಬತ್ತನೇ ತಿಂಗಳಿಗೇ ಹೋಗಿ ಮಾಲೀಕರ ಜೊತೆ ಮಾತಾಡಿ ಬರುತ್ತೇನೆ. ಕೋರ್ಟಿನ ಕೇಸೂ ಹೊಸದೇನಲ್ಲ, ವರ್ಷಗಟ್ಟಲೆಯಿಂದ ನಡೆಯುತ್ತಿದೆ. ಇಷ್ಟೆಲ್ಲ ಮೊದಲೇ ಗೊತ್ತಿದ್ದೂ, ಸೀಸನ್ ಎರಡು ತಿಂಗಳು ದೂರ ಇರುವಾಗ ಬಾಗಿಲು ಹಾಕಿ ಕೂತರೆ ಅದಕ್ಕೆ ಏನು ಹೇಳಬೇಕು?

ಮೊನ್ನೆ ಆಗಸ್ಟ್ 7ಕ್ಕೆ ಫೆಡರೇಶನ್ ಮತ್ತು ಕ್ಲಬ್‌ಗಳ ಸಭೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಮೊದಲು ಸೂಪರ್ ಕಪ್ ಟೂರ್ನಿ ಮಾಡೋಣ ಅಂದರಂತೆ. ಲೀಗ್ ಆಗಿಯೇ ಆಗುತ್ತದೆ ಅಂತಲೂ ಅಂದರಂತೆ. ಆಗುತ್ತದೆ ಸರಿ, ಯಾವಾಗ?

ತಾರೀಖು ತಾರೀಖು ಅಂತ ಯಾಕೆ ಒಂದೇ ರಾಗ ಎಳೆಯುತ್ತೀಯ ಅಂತ ಗೆಳೆಯರು ಕೇಳುತ್ತಾರೆ. ಇಂದಿರಾನಗರದಲ್ಲೋ ಜಯನಗರದಲ್ಲೋ ಇರುವವನಿಗೆ ಇದು ಅರ್ಥ ಆಗದೇ ಇರಬಹುದು. ಅವನು ಸಂಜೆ ಆರಕ್ಕೆ ಕೆಲಸ ಮುಗಿಸಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಏಳಕ್ಕೆ ಕಂಠೀರವ ಸ್ಟೇಡಿಯಂ ಒಳಗೆ ಇರುತ್ತಾನೆ. ನಾವು ಇಲ್ಲಿಂದ ನಾನೂರು ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗಬೇಕು. ನಮಗೆ ಸೀಸನ್ ಶುರುವಾಗುವುದೇ ರೈಲ್ವೆ ಟಿಕೆಟ್‌ನಿಂದ. ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. ಸೆಪ್ಟೆಂಬರ್ 20ರ ಪ್ರಯಾಣಕ್ಕೆ ಜುಲೈ 22ರ ಬೆಳಿಗ್ಗೆ ಎಂಟಕ್ಕೆ ತೆರೆದಿತ್ತು. ಆಪ್ ತೆಗೆದು ಕೂತಿದ್ದೆ. ಆ ಹೊತ್ತಿಗೆ ಲೀಗ್ ನಿಂತು 11 ದಿನ ಆಗಿತ್ತು. ಯಾವ ದಿನಕ್ಕೆ ಬುಕ್ ಮಾಡಲಿ? ಫೋನ್ ಕೆಳಗಿಟ್ಟೆ.

ಮಾರ್ಚ್ 29ರ ಮ್ಯಾಚ್ ನೆನಪು ಮಾಡಿಕೊಳ್ಳಿ. ಮುಂಬೈ ಸಿಟಿ ವಿರುದ್ಧ ಪ್ಲೇ-ಆಫ್. ಮರುದಿನ ಯುಗಾದಿ. ಮ್ಯಾಚ್ ಗೊತ್ತಾಗುವ ಹೊತ್ತಿಗೆ ರೈಲಿನ ಟಿಕೆಟ್ ಎಲ್ಲಾ ಖಾಲಿ. ಆದರೂ ಒಬ್ಬನೇ ಹೋದೆ. ಒಂಬತ್ತನೇ ನಿಮಿಷಕ್ಕೆ ನಮ್ಮ ಸುರೇಶ್ ವಾಂಗ್ಜಂ ಗೋಲು ಹೊಡೆದ. ಆಮೇಲೆ ನಿಲ್ಲಲೇ ಇಲ್ಲ. ಚೆಟ್ರಿ ನಾಲ್ಕನೆಯದು ಹಾಕಿದಾಗ ಪಕ್ಕದಲ್ಲಿದ್ದ ಅಪರಿಚಿತ ಹಿರಿಯರೊಬ್ಬರು ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಅವರ ಕನ್ನಡಕ ನನ್ನ ಭುಜಕ್ಕೆ ಒತ್ತುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. 5-0. ನಮ್ಮ ಅಭಿಮಾನಿಗಳ ವೆಸ್ಟ್ ಬ್ಲಾಕ್‌ನ ಡ್ರಮ್ ಸದ್ದು ಮೆಜೆಸ್ಟಿಕ್‌ ತನಕ ಕಿವಿಯಲ್ಲೇ ಇತ್ತು. ರಾತ್ರಿ ರಾಣಿ ಚೆನ್ನಮ್ಮದ ಜನರಲ್ ಬೋಗಿ ಹತ್ತಿದೆ. ಹಬ್ಬಕ್ಕೆ ಊರಿಗೆ ಹೊರಟ ಜನ, ಕಾಲಿಡಲು ಜಾಗವಿಲ್ಲ. ಹರಿಹರದ ತನಕ ಬಾಗಿಲ ಹತ್ತಿರ ನಿಂತೇ ಬಂದೆ. ಬೆಳಗಾಗುವುದರೊಳಗೆ ಹುಬ್ಬಳ್ಳಿ, ಸ್ನಾನ, ಬೇವು-ಬೆಲ್ಲ. ಅಂಥ ಯುಗಾದಿ ನನಗೆ ಇನ್ನೊಂದು ಬರಲಿಕ್ಕಿಲ್ಲ.

ಆದರೆ ನಾನು ಒಬ್ಬನೇ ಇದ್ದೆ, ನಿಂತೆ. ಹನ್ನೆರಡು ಹದಿಮೂರು ವರ್ಷದ ನಾಲ್ಕು ಹುಡುಗರನ್ನು ಹಾಗೆ ಕರೆದುಕೊಂಡು ಹೋಗಲಿಕ್ಕೆ ಆಗುತ್ತದಾ? ಅವರ ಮನೆಯವರು ನಂಬಿ ಕಳಿಸಬೇಕು. ಎಲ್ಲಿ ಇಳಿಯುತ್ತೀರಿ, ಯಾವ ರೈಲಿಗೆ ವಾಪಸ್ ಬರುತ್ತೀರಿ ಅಂತ ಕೇಳುತ್ತಾರೆ. ಕೇಳಲೇಬೇಕು. ಆ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ, ಮ್ಯಾಚ್ ಯಾವಾಗ ಅನ್ನುವುದು.

ಒಬ್ಬ ಗೆಳೆಯ ವಾಟ್ಸಾಪ್‌ನಲ್ಲಿ ಬರೆದಿದ್ದ. ಮ್ಯಾಚೇ ಇಲ್ಲದಾಗ ಕ್ಲಬ್‌ನವರು ಸಂಬಳ ಎಲ್ಲಿಂದ ಕೊಡಬೇಕು, ಅವರೂ ವ್ಯಾಪಾರಸ್ಥರಲ್ಲವಾ ಅಂತ. ನಾನೂ ವ್ಯಾಪಾರಸ್ಥನೇ, ಅವನ ಮಾತು ನನಗೆ ತಿಳಿಯುತ್ತದೆ. ಕ್ಲಬ್ ತನ್ನ ಯೂತ್ ತಂಡಗಳನ್ನೂ ಹುಡುಗರ ತರಬೇತಿ ಶಾಲೆಗಳನ್ನೂ ನಿಲ್ಲಿಸುವುದಿಲ್ಲ ಅಂತ ಹೇಳಿದೆ. ಅದಕ್ಕೆ ನಿಜವಾಗಿಯೂ ಕೈಮುಗಿಯುತ್ತೇನೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಕೋಟಿ ದುಡಿದ ಸ್ಟಾರ್ ಆಟಗಾರ ನಾಲ್ಕು ತಿಂಗಳು ತಡೆದುಕೊಳ್ಳುತ್ತಾನೆ. ಕಿಟ್ ತೊಳೆಯುವವನು, ಆಟಗಾರರ ಕಾಲಿಗೆ ಪಟ್ಟಿ ಸುತ್ತುವವನು ಹೇಗೆ ತಡೆದುಕೊಳ್ಳಬೇಕು? ಆಗಸ್ಟ್ ಅಂದರೆ ಮಕ್ಕಳ ಫೀಸಿನ ಕಂತು ಕಟ್ಟುವ ತಿಂಗಳು.

ಇನ್ನೊಬ್ಬನದು ಪ್ರತಿ ವರ್ಷದ ಮಾತು. "ಬಿಡೋ, ಪ್ರೀಮಿಯರ್ ಲೀಗ್ ಬರೋ ವಾರ ಶುರು ಆಗ್ತದ, ಅದನ್ನ ನೋಡು." ನೋಡುತ್ತೇನೆ. ಒಳ್ಳೆಯ ಆಟ, ಇಲ್ಲ ಅನ್ನುವುದಿಲ್ಲ. ಆದರೆ ಲಿವರ್‌ಪೂಲ್ ಸೋತರೆ ನನಗೆ ಊಟ ಸೇರುತ್ತದೆ. ಬೆಂಗಳೂರು ಸೋತರೆ ಸೇರುವುದಿಲ್ಲ. ಅಷ್ಟೇ ವ್ಯತ್ಯಾಸ, ಇದನ್ನು ಅವನಿಗೆ ಹೇಗೆ ತಿಳಿಸಿ ಹೇಳಲಿ?

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. 2023-24ರಲ್ಲಿ ನಾವು ಹತ್ತನೇ ಸ್ಥಾನಕ್ಕೆ ಬಿದ್ದೆವಲ್ಲ, ಆಗ ಅರ್ಧ ಸೀಸನ್ ನಾನು ನೋಡುವುದನ್ನೇ ಬಿಟ್ಟಿದ್ದೆ. ಸ್ಕಾರ್ಫ್ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ. ಕೇಳಿದರೆ ಅಂಗಡಿ ಕೆಲಸ ಅನ್ನುತ್ತಿದ್ದೆ. 2018ರ ಫೈನಲ್‌ನಲ್ಲಿ ನಮ್ಮದೇ ಮೈದಾನದಲ್ಲಿ ಚೆನ್ನೈಯಿನ್‌ಗೆ 3-2ರಿಂದ ಸೋತಾಗಲೂ ಬಿಡದವನು, ಹತ್ತನೇ ಸ್ಥಾನಕ್ಕೆ ಬಿಟ್ಟೆ. ಆ ನಾಚಿಕೆ ಈಗಲೂ ಇದೆ. ಮುನಿಸಿಕೊಂಡು ದೂರ ಹೋದರೂ ಶನಿವಾರ ಮ್ಯಾಚ್ ಇದ್ದೇ ಇರುತ್ತದೆ, ಬೇಕಾದಾಗ ವಾಪಸ್ ಹೋಗಬಹುದು ಅಂತ ಆಗ ಅಂದುಕೊಂಡಿದ್ದೆ. ಹೋಗಲಿಕ್ಕೆ ಮ್ಯಾಚೇ ಇಲ್ಲದಂತಾಗಬಹುದು ಅಂತ ಕನಸಿನಲ್ಲೂ ಅನ್ನಿಸಿರಲಿಲ್ಲ.

ಜಾಸ್ತಿ ಸಂಕಟ ಆಗುವುದು ಚೆಟ್ರಿಯದು. ಕಳೆದ ಸೀಸನ್‌ನಲ್ಲಿ 14 ಗೋಲು, ಭಾರತೀಯರಲ್ಲಿ ಎಲ್ಲರಿಗಿಂತ ಜಾಸ್ತಿ, ಅದೂ 40ನೇ ವಯಸ್ಸಿನಲ್ಲಿ. ಏಪ್ರಿಲ್ 6ರಂದು ಗೋವಾದಲ್ಲಿ ಸೆಮಿಫೈನಲ್‌ನ ಎರಡನೇ ಪಂದ್ಯ ನೋಡಿದ್ದೀರಲ್ಲ? ಮೊದಲ ಪಂದ್ಯದಲ್ಲಿ ನಾವು 2-0 ಗೆದ್ದಿದ್ದನ್ನು ಗೋವಾದವರು 88ನೇ ನಿಮಿಷಕ್ಕೆ ಸರಿಗಟ್ಟಿದ್ದರು. ಎಕ್ಸ್‌ಟ್ರಾ ಟೈಮ್ ಅಂತ ಎಲ್ಲರೂ ಅಂದುಕೊಂಡಾಗ ನಾಮ್‌ಗ್ಯಾಲ್ ಭೂಟಿಯಾ ಬಲಗಡೆಯಿಂದ ಕ್ರಾಸ್ ಕೊಟ್ಟ. ಚೆಟ್ರಿ ಹಾರಿ ತಲೆ ಕೊಟ್ಟ. ಗೋಲು, ನಾವು ಫೈನಲ್‌ಗೆ. ಎತ್ತರದ ಆಳಲ್ಲ ಅವನು. ಚೆಂಡು ಎಲ್ಲಿಗೆ ಬರುತ್ತದೆ ಅಂತ ಉಳಿದವರಿಗಿಂತ ಅರ್ಧ ಸೆಕೆಂಡ್ ಮೊದಲೇ ಅವನಿಗೆ ಗೊತ್ತಿರುತ್ತದೆ. ಆ ಹೆಡರ್‌ನ ವಿಡಿಯೊವನ್ನು ಹುಡುಗರಿಗೆ ನಿಧಾನವಾಗಿ ಓಡಿಸಿ ತೋರಿಸುತ್ತೇನೆ. ಕಾಲು ನೋಡಿ, ಚೆಂಡು ಆಮೇಲೆ ನೋಡಿ ಅನ್ನುತ್ತೇನೆ.

ಆರು ದಿನ ಬಿಟ್ಟು ಕೋಲ್ಕತ್ತದಲ್ಲಿ ಮೋಹನ್ ಬಗಾನ್ ವಿರುದ್ಧ ಫೈನಲ್. ಮೊದಲು ಮುಂದಿದ್ದವರು ನಾವೇ. ಒಂದು ಪೆನಾಲ್ಟಿ, ಎಕ್ಸ್‌ಟ್ರಾ ಟೈಮ್‌ನಲ್ಲಿ ಅವರ ಮೆಕ್ಲಾರೆನ್ ಗೋಲು, 2-1ರಿಂದ ಸೋತೆವು. ಚೆಟ್ರಿ ಮೈದಾನದಿಂದ ಹೊರಗೆ ನಡೆದ ರೀತಿ ನೋಡಿ, ಇನ್ನೊಂದು ಸೀಸನ್ ಬೇಕು ಇವನಿಗೆ, ಇಲ್ಲಿಗೆ ಮುಗಿಯಬಾರದು ಅಂತ ಅಂದುಕೊಂಡಿದ್ದೆ. 41 ವರ್ಷದವನಿಗೆ ನಾಲ್ಕು ತಿಂಗಳು ಅಂದರೆ ಸಣ್ಣದಲ್ಲ. ಇಪ್ಪತ್ತರ ಹುಡುಗ ಕಾಯಬಹುದು. ಚೆಟ್ರಿಯ ಕೊನೆಯ ಸೀಸನ್ ಅನ್ನು ಆಫೀಸಿನ ಫೈಲುಗಳ ನಡುವೆ ಕಳೆದುಹಾಕಿದರೆ ಅದನ್ನು ನಾನು ಮರೆಯುವುದಿಲ್ಲ.

ಹಾಗಂತ ಇಪ್ಪತ್ತರವನೂ ಯಾಕೆ ಕಾಯಬೇಕು? ವಿನಿತ್ ವೆಂಕಟೇಶ್‌ನನ್ನೇ ನೋಡಿ. ನಮ್ಮದೇ ಅಕಾಡೆಮಿಯಲ್ಲಿ ಬೆಳೆದವನು. ಕಳೆದ ಸೀಸನ್‌ನ ಮೊದಲ ಮ್ಯಾಚ್, ಈಸ್ಟ್ ಬೆಂಗಾಲ್ ವಿರುದ್ಧ, ಗೆದ್ದಿದ್ದು ಅವನೊಬ್ಬನ ಗೋಲಿನಿಂದ. ಆಗ ಅವನಿಗೆ 19. ಈ ವಯಸ್ಸಿನಲ್ಲಿ ವಾರಕ್ಕೊಂದು ಮ್ಯಾಚ್ ಆಡಿದರೆ ಆಟಗಾರ ಆಗುತ್ತಾನೆ, ಆಡದಿದ್ದರೆ ಜಿಮ್‌ನಲ್ಲಿ ಬೆವರಿಳಿಸುವ ಹುಡುಗ ಆಗಿ ಉಳಿಯುತ್ತಾನೆ. ನಮ್ಮ ಇನ್ನೊಬ್ಬ ಆಟಗಾರ ಶಿವಶಕ್ತಿಯ ವಿಷಯವೂ ಅಷ್ಟೇ. 2022-23ರಲ್ಲಿ ಉದಯೋನ್ಮುಖ ಆಟಗಾರ ಅಂತ ಪ್ರಶಸ್ತಿ ಪಡೆದವನು. ಅವನನ್ನು ಬದಿಗೆ ತಳ್ಳದೆ ನಡುವೆ ನಿಲ್ಲಿಸಿ, ಗೋಲಿನ ಎದುರು ಆಡಿಸಿ ಅಂತ ಎರಡು ವರ್ಷದಿಂದ ಹೇಳುತ್ತಿದ್ದೇನೆ. ಚೆಟ್ರಿ ಇರುವಾಗಲೇ, ಚೆಟ್ರಿ ಪಕ್ಕದಲ್ಲೇ ಕಲಿಯಬೇಕು. ಈ ಸೀಸನ್ ಅದಕ್ಕೆ ಇರಬೇಕಿತ್ತು.

ಈ ರಾಜ್ಯದಲ್ಲಿ ಫುಟ್‌ಬಾಲ್ ಎಲ್ಲಿದೆ ಅಂತ ಕೇಳುವವರಿಗೆ ನಾನು ಎರಡು ದಿನ ನೆನಪಿಸುತ್ತೇನೆ. 2023ರ ಮಾರ್ಚ್ 3ಕ್ಕೆ ಚೆಟ್ರಿ ಕಂಠೀರವದಲ್ಲಿ ಫ್ರೀ ಕಿಕ್‌ನಿಂದ ಆ ಗೋಲು ಹಾಕಿದ, ಅದನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್‌ನವರು ಆಟ ಬಿಟ್ಟು ಹೊರಗೆ ನಡೆದರು. ಮರುದಿನ ಮಾರ್ಚ್ 4ಕ್ಕೆ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ. ಮೊದಲು ಗೆದ್ದಾಗ ನಾವಿನ್ನೂ ಮೈಸೂರು ಅಂತಿದ್ದೆವು. ಆ ಎರಡು ರಾತ್ರಿ ನಾನು ಸರಿಯಾಗಿ ಮಲಗಲೇ ಇಲ್ಲ. ಆ ವಾರವೇ ಬಯಲಿಗೆ ಬರುವ ಹುಡುಗರು ಐದರಿಂದ ಹದಿನಾಲ್ಕಾದರು. ರಿಬ್ಬನ್ ಹೊಲಿದ ಜೆರ್ಸಿಯವನು ಬಂದಿದ್ದೂ ಆಗಲೇ. ಹುಡುಗರು ಹೀಗೇ ಬರುತ್ತಾರೆ. ಟಿವಿಯಲ್ಲಿ ಏನಾದರೂ ಕಂಡರೆ ಬರುತ್ತಾರೆ, ಕಾಣದಿದ್ದರೆ ಒಬ್ಬೊಬ್ಬರೇ ಕಮ್ಮಿ ಆಗುತ್ತಾರೆ. ಹದಿನಾಲ್ಕು ಇದ್ದದ್ದು ಇವತ್ತು ಹನ್ನೊಂದಾಗಿದೆ. ಮಳೆ ಕಾರಣ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ದಸರಾ ಕೈತಪ್ಪಿತು. ದೀಪಾವಳಿ ಸೂಟಿ ಇದೆ. ಅಕ್ಟೋಬರ್ 20ರ ಟಿಕೆಟ್ ಆಗಸ್ಟ್ 21ಕ್ಕೆ ತೆರೆಯುತ್ತದೆ, ಗುರುವಾರ. ಬೆಳಿಗ್ಗೆ ಎಂಟಕ್ಕೆ ಆಪ್ ತೆಗೆದು ಕೂರುತ್ತೇನೆ. ನಾಲ್ಕು ಹುಡುಗರು, ನಾನು, ಒಟ್ಟು ಐದು ಬರ್ತ್. ಹೆಸರು, ವಯಸ್ಸು ಎಲ್ಲಾ ಬರೆದಿಟ್ಟಿದ್ದೇನೆ. ಇನ್ನು 11 ದಿನ ಇದೆ. ಅಷ್ಟರೊಳಗೆ ಯಾರಾದರೂ ಒಂದು ತಾರೀಖು ಹೇಳಿ.