ದನಿ ತಗ್ಗಿಸದ ಊರು

ಕಳೆದ ತಿಂಗಳು ಒಂದು ಭಾನುವಾರ ಹೆಂಡತಿ ಜೊತೆ ಸ್ಕಲ್‌ಗೆ ಹೋಗಿದ್ದೆ. ಐರ್ಲೆಂಡಿನ ದಕ್ಷಿಣ ತುದಿಯ ಕಡಲೂರು. ನಾವಿರುವ ಕಾರ್ಕ್‌ನಿಂದ ಎರಡು ಗಂಟೆಯೊಳಗಿನ ದಾರಿ. ಚಹಾಕ್ಕೆ ಕೂತಲ್ಲಿ ಪಕ್ಕದ ಮೇಜಿನ ಅಜ್ಜ ಮಾತಿಗೆ ಸಿಕ್ಕರು. 1996ರಲ್ಲಿ ಅಲ್ಲಿ ಕೊಲೆಯಾದ ಸೋಫಿ ಎಂಬ ಫ್ರೆಂಚ್ ಹೆಂಗಸಿನ ಬಗ್ಗೆ ನಾನೇ ಕೇಳಿದೆ.

"ಯಾರು ಮಾಡಿದ್ದು ಅಂತ ನನಗೆ ಗೊತ್ತಿಲ್ಲ. ಪೊಲೀಸರು ಎಲ್ಲೆಲ್ಲಿ ಎಡವಿದರು ಅಂತ ಬೇಕಾದರೆ ಹೇಳ್ತೇನೆ" ಎಂದು ಬೆರಳು ಎಣಿಸತೊಡಗಿದರು. ಎರಡನೇ ಬೆರಳಿಗೆ ಬರುವಾಗ ಯೂನಿಫಾರ್ಮ್ ಹಾಕಿದ ಪೊಲೀಸರೊಬ್ಬರು ಕಾಫಿಗೆ ಬಂದರು. ನಾನು ಗಪ್ಪನೆ ಸುಮ್ಮನಾದೆ. ಅಜ್ಜ ಅವರಿಗೆ ಕೈ ಎತ್ತಿ ಹಲೋ ಹೇಳಿ, ಅದೇ ದನಿಯಲ್ಲಿ ಮೂರನೇ ಬೆರಳಿಗೆ ಹೋದರು.

ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮೂರ ಹೋಟೆಲ್. ನಾನು ಬೆಳ್ತಂಗಡಿ ಕಡೆಯವನು. 2012ರಲ್ಲಿ ಕೊಲೆಯಾದ ಉಜಿರೆಯ ಕಾಲೇಜು ಹುಡುಗಿಯ ವಿಷಯ ಎತ್ತಿದರೆ ಸಾಕು, ಬನ್ಸ್ ಮುರಿಯುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು. ಹಿಂದಿನ ಮೇಜಿನಲ್ಲಿ ಯಾರಿದ್ದಾರೆ ಅಂತ ಮೊದಲು ತಿರುಗಿ ನೋಡುವುದು. ಆಮೇಲೆ "ಬಿಡು ಮಾರಾಯ, ನಮಗೆ ಎಂತಕ್ಕೆ?"

ಸೋಫಿ ತೋಸ್ಕಾಂ ದು ಪ್ಲಾಂಟಿಯೆ ಫ್ರಾನ್ಸಿನವರು. ಸ್ಕಲ್ ಹತ್ತಿರದ ಟೂರ್‌ಮೋರ್‌ನಲ್ಲಿ ಅವರದೊಂದು ಒಂಟಿ ಮನೆ ಇತ್ತು. 1996ರ ಡಿಸೆಂಬರ್ 23ರ ಬೆಳಿಗ್ಗೆ ಆ ಮನೆಯ ದಾರಿಯಲ್ಲಿ ಅವರ ಹೆಣ ಸಿಕ್ಕಿತು. ವಯಸ್ಸು 39. ಸರ್ಕಾರದ ಶವಪರೀಕ್ಷೆ ವೈದ್ಯರು ಬಂದದ್ದು ಮರುದಿನ. ಒಂದಿಡೀ ರಾತ್ರಿ ಹೆಣ ಬಯಲಲ್ಲೇ ಇತ್ತು. ಅದು ಅಜ್ಜನ ಮೊದಲ ಬೆರಳು.

ಇಯಾನ್ ಬೇಯ್ಲಿ ಎಂಬ ಇಂಗ್ಲಿಷ್ ಪತ್ರಕರ್ತನ ಮೇಲೆ ಊರಿನ ಕಣ್ಣು ಬಿತ್ತು. ಪೊಲೀಸರು ಎರಡು ಸಲ ಬಂಧಿಸಿದರು. ಆತ ಕೊನೆವರೆಗೂ ತಾನಲ್ಲ ಅಂದ. ಕೇಸು ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವ ಸರ್ಕಾರಿ ವಕೀಲರ ಕಚೇರಿ ಇಲ್ಲಿ ಪೊಲೀಸರಿಂದ ಬೇರೆ. ಅವರು ಸಾಕ್ಷ್ಯ ಸಾಲದು ಅಂತ ಕೇಸು ಹಾಕಲು ಒಪ್ಪಲೇ ಇಲ್ಲ. 2001ರಲ್ಲಿ ಆ ಕಚೇರಿಯಲ್ಲೇ ತಯಾರಾದ ಒಂದು ವರದಿ ಪೊಲೀಸರ ತನಿಖೆಯನ್ನು ಜಾಲಾಡಿತ್ತು. ಕೊಲೆಯ ರಾತ್ರಿ ಬೇಯ್ಲಿಯನ್ನು ರಸ್ತೆಯಲ್ಲಿ ಕಂಡೆ ಅಂದಿದ್ದ ಮುಖ್ಯ ಸಾಕ್ಷಿ 2005ರಲ್ಲಿ ಹೇಳಿಕೆ ಹಿಂದೆ ತೆಗೆದುಕೊಂಡರು. ಪೊಲೀಸರ ಮೇಲಿನ ದೂರು ವಿಚಾರಿಸುವ ಸಂಸ್ಥೆ 2018ರಲ್ಲಿ ಇನ್ನಷ್ಟು ಹೊರಗೆ ಹಾಕಿತು: ತನಿಖೆಯ ಪುಸ್ತಕದಿಂದ ಹಾಳೆಗಳೇ ಮಾಯ. ರಕ್ತದ ಕಲೆ ಇದ್ದ ಗೇಟೂ ಮಾಯ. ತೋಟಕ್ಕೆ ಹಾಕುವ ಕಬ್ಬಿಣದ ಗೇಟು ಅದು, ಕಿಸೆಯಲ್ಲಿ ಹಾಕಿಕೊಂಡು ಹೋಗುವ ವಸ್ತುವಲ್ಲ.

ನಮ್ಮಲ್ಲಿ ಆದದ್ದು ತಿರುಗಾಮುರುಗಾ. 2012ರ ಅಕ್ಟೋಬರ್ 9ರಂದು ಕಾಲೇಜಿಂದ ಮನೆಗೆ ಹೊರಟ 17 ವರ್ಷದ ಹುಡುಗಿ ಮನೆ ತಲುಪಲಿಲ್ಲ. ಮರುದಿನ ಹೆಣ ಸಿಕ್ಕಿತು. ಕೆಲವೇ ದಿನಗಳಲ್ಲಿ ಒಬ್ಬ ಆರೋಪಿಯೂ ಸಿಕ್ಕಿದ. ಪೊಲೀಸ್, ಸಿಐಡಿ, ಸಿಬಿಐ ಅಂತ ಕೇಸು ಕೈ ಬದಲಿಸಿತು. 2023ರ ಜೂನ್‌ನಲ್ಲಿ ಬೆಂಗಳೂರಿನ ಸಿಬಿಐ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಶುರುವಿನ ತನಿಖೆಯ ಲೋಪಗಳನ್ನು ತೀರ್ಪಿನಲ್ಲೇ ಎತ್ತಿ ತೋರಿಸಿತು. ಹತ್ತು ವರ್ಷ ದಾಟಿದ ಮೇಲೆ! ಜನ ಮೊದಲ ವಾರವೇ ಕೇಳಿದ್ದ ಪ್ರಶ್ನೆಗಳಲ್ವಾ ಅವು? ಆಗಲೇ ಯಾರಾದರೂ ಕಿವಿಗೊಟ್ಟಿದ್ದರೆ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಪೊಲೀಸರ ತಪ್ಪನ್ನು ಪೊಲೀಸರ ಎದುರೇ ಎಣಿಸಬಹುದಾದ ಊರು ನನಗೆ ಬೇಕು. ನಮ್ಮೂರೂ ಹಾಗಾಗಬೇಕು.

ಆದರೆ ಅಜ್ಜ ಹೇಳದೆ ಬಿಟ್ಟದ್ದೂ ಇದೆ. ಬೇಯ್ಲಿ ಮೇಲೆ ಐರ್ಲೆಂಡಿನಲ್ಲಿ ಕೇಸೇ ಆಗಲಿಲ್ಲ. ಫ್ರಾನ್ಸಿನ ನ್ಯಾಯಾಲಯ 2019ರಲ್ಲಿ ಆತನಿಲ್ಲದೆಯೇ ವಿಚಾರಣೆ ಮಾಡಿ 25 ವರ್ಷ ಶಿಕ್ಷೆ ಕೊಟ್ಟರೂ ಇಲ್ಲಿನ ನ್ಯಾಯಾಲಯ ಆತನನ್ನು ಕಳಿಸಲಿಲ್ಲ. ಆತ 2024ರ ಜನವರಿಯಲ್ಲಿ ಸತ್ತ. ಅಲ್ಲಿವರೆಗೂ ಸಾಕ್ಷ್ಯವಿದ್ದವರೂ ಇಲ್ಲದವರೂ ಆತನತ್ತ ಬೆರಳು ತೋರಿಸುತ್ತಲೇ ಇದ್ದರು. ಅದೂ ಗಟ್ಟಿ ದನಿಯಲ್ಲೇ. ತಾಯಿಯನ್ನು ಕಳೆದುಕೊಂಡಾಗ ಸೋಫಿಯ ಮಗನಿಗೆ 15 ವರ್ಷ. ಕೊಂದವರು ಇವರೇ ಅಂತ ಐರ್ಲೆಂಡ್ ಅವನಿಗೆ ಇನ್ನೂ ಹೇಳಿಲ್ಲ. ನಮ್ಮಲ್ಲೂ 2023ರ ತೀರ್ಪಿನ ಮೇಲೆ ಸಾವಿರಾರು ಜನ ಬೀದಿಗೆ ಬಂದರು. ಆ ಹುಡುಗಿಯ ಅಮ್ಮ ಮೈಕಿನ ಮುಂದೆ ನಿಂತರು. ನಾನು ಇಲ್ಲಿ ಕೂತು ವಿಡಿಯೋ ನೋಡಿದೆ, ಅಷ್ಟೇ.

ಆ ಭಾನುವಾರ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಆ ಅಜ್ಜನ ಕಥೆ ಹೇಳಿದೆ. "ಅದೆಲ್ಲ ಎಂತಕ್ಕೆ ಈಗ, ಊಟ ಆಯ್ತಾ?" ಅಂತಾರೆ ಅಂದುಕೊಂಡಿದ್ದೆ. "ಒಂದು ನಿಮಿಷ ತಡಿ" ಅಂದರು. ಬಾಗಿಲು ಹಾಕಿದ ಸದ್ದು ಕೇಳಿತು. ಆಮೇಲೆ ಆ ಅಕ್ಟೋಬರ್‌ನ ಮಳೆ, ಹುಡುಕಲು ಹೋದವರು, ಮರುದಿನ ನಮ್ಮಂಗಳಕ್ಕೆ ಬಂದು ಅತ್ತವರು, ಎಲ್ಲ ಒಂದೊಂದಾಗಿ ಹೇಳಿದರು. ಇಷ್ಟು ವರ್ಷ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ದನಿ ಎಷ್ಟು ಸಣ್ಣಗಿತ್ತೆಂದರೆ, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಬೇಕಾಯಿತು.